ಗೊರೇಬಾಳದ ಕನ್ನಡ ಎಷ್ಟು ವಾರದ್ದು?

ಅಮೆರಿಕದ ವಿದೇಶಾಂಗ ಇಲಾಖೆಯವರದು ಒಂದು ಭಾಷಾ ಶಾಲೆ ಇದೆ. ಹೊರದೇಶಕ್ಕೆ ಹೊರಟ ರಾಯಭಾರಿಗಳಿಗೂ ಅವರ ಬೆನ್ನಿಗಿರುವ ಗುಮಾಸ್ತರಿಗೂ ಅಲ್ಲಿ ಭಾಷೆ ಕಲಿಸುತ್ತಾರೆ. 1947ರಿಂದ ಕಲಿಸಿ ಕಲಿಸಿ ಅವರಿಗೆ ಒಂದು ಅಂದಾಜು ಸಿಕ್ಕಿಬಿಟ್ಟಿದೆ. ಸ್ಪ್ಯಾನಿಶ್, ಇಟಾಲಿಯನ್ ಅಂದರೆ 30 ವಾರದೊಳಗೆ ಕೆಲಸ ಮುಗೀತು. ಹಿಂದಿ, ಬಂಗಾಲಿ, ತಮಿಳು, ತೆಲುಗು, ರಷ್ಯನ್ ಇವೆಲ್ಲ 44 ವಾರದ ಗಿರಾಕಿಗಳು. ತಾಸಿನ ಲೆಕ್ಕದಲ್ಲಿ 1100. ಅರಬ್ಬಿ, ಚೀನಿ, ಜಪಾನಿ, ಕೊರಿಯನ್ ಬಂದವೆಂದರೆ 88 ವಾರ. ಅಷ್ಟರಲ್ಲಿ ನಮ್ಮ ಕಡೆ ಕಾಲುವೆಗೆ ನಾಲ್ಕು ಸಲ ನೀರು ಬಿಟ್ಟು ನಾಲ್ಕು ಸಲ ಬಂದ್ ಮಾಡಿರುತ್ತಾರೆ. ತೆಲುಗು, ತಮಿಳಿನ ತೂಕ ಅಷ್ಟಿದ್ದ ಮೇಲೆ ಅವುಗಳ ಜೊತೆ ಒಡಹುಟ್ಟಿದ ಕನ್ನಡಕ್ಕೂ 44 ಅಂತಲೇ ಹಿಡಿಯೋಣ. ಮೈಸೂರಿನ ಲೆಕ್ಕವೂ ಇದಕ್ಕೆ ತಾಳೆಯಾಗುತ್ತದೆ. ಅಲ್ಲಿ 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಶುರುವಾಯಿತಲ್ಲ, ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯದ ಮೇಷ್ಟ್ರುಗಳನ್ನು ಕರೆಸಿ ಹತ್ತು ತಿಂಗಳು ಕನ್ನಡ ಕಲಿಸುತ್ತಾರೆ. ಹತ್ತು ತಿಂಗಳು ಅಂದರೆ ಹತ್ತಿರ ಹತ್ತಿರ 44 ವಾರವೇ ಆಯಿತು. ವಾಷಿಂಗ್ಟನ್ನಿನವರೂ ಮೈಸೂರಿನವರೂ ಮಾತಾಡಿಕೊಂಡು ಮಾಡಿದ ಹಾಗಿದೆ.

ಆದರೆ ಆ ಪಟ್ಟಿ ಹಿಡಿದುಕೊಂಡು ಯಾರಾದರೂ ರಾಯಚೂರು ಜಿಲ್ಲೆಯ ನಮ್ಮ ಗೊರೇಬಾಳಕ್ಕೆ ಬಂದರೆ ಅವರನ್ನು ಕಟ್ಟೆ ಮೇಲೆ ಕೂಡ್ರಿಸಿ, ಕುಡಿಯಲಿಕ್ಕೆ ಒಂದು ತಂಬಿಗೆ ನೀರು ಕೊಟ್ಟು, "ಸಾಹೇಬ್ರ, ನಿಮ್ಮ ಲೆಕ್ಕ ಇಲ್ಲಿ ನಡಿಯಂಗಿಲ್ರಿ" ಅಂತ ಹೇಳಬೇಕಾಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಈ ಲೆಕ್ಕದ ಪರೀಕ್ಷೆ ಪುಸ್ತಕದಲ್ಲಿ ನಡೆದದ್ದಲ್ಲ, ಗದ್ದೆಯಲ್ಲಿ ನಡೆದದ್ದು. ಫಲಿತಾಂಶ ತಲೆಕೆಳಗಾಗಿ ಬಂದಿದೆ.

ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಅಲ್ಲಿಯವರೆಗೆ ಈ ಸೀಮೆ ಎಂದರೆ ಜೋಳ, ಸಜ್ಜೆ, ಮಳೆಗಾಗಿ ಮುಗಿಲು ನೋಡುವ ಕಪ್ಪು ಭೂಮಿ. ಎಡದಂಡೆ ಕಾಲುವೆ ಹರಿಯಿತು ನೋಡಿ, ಆಂಧ್ರದ ಕರಾವಳಿ ಕಡೆಯ ರೈತರು ತಮ್ಮ ಊರಿನ ತುಂಡು ಹೊಲ ಮಾರಿ ಇಲ್ಲಿ ದೊಡ್ಡ ಹೊಲ ಹಿಡಿದರು. ನೀರು ಕಟ್ಟಿ ನೆಲ್ಲು ನಾಟಿ ಮಾಡುವ ಕಸುಬು ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಊರಿಗೊಂದು, ಕೆಲವು ಕಡೆ ಊರಿಗೆರಡು 'ಕ್ಯಾಂಪು' ಎದ್ದವು. ಇದಾಗಿ ಎರಡು ದಶಕಕ್ಕೆ, ಪೂರ್ವ ಪಾಕಿಸ್ತಾನದಿಂದ ಓಡಿ ಬಂದ ಬಂಗಾಲಿಗಳಿಗೆ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲೇ ಜಾಗ ಕೊಟ್ಟಿತು. ಅವರ ಊರುಗಳಿಗೆ ಹೆಸರೂ ಸಿಗಲಿಲ್ಲ, ನಂಬರು ಸಿಕ್ಕಿತು: ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು, ನಾಲ್ಕು. ನಮ್ಮ ಬಾಯಲ್ಲಿ ಎಲ್ಲವೂ ಸೇರಿ 'ಬಂಗಾಲಿ ಕ್ಯಾಂಪು'.

ಈಗ ನೋಡಿ ಮಜಾ. ತೆಲುಗಿನವರಿಗೆ ಕನ್ನಡ ಅಂದರೆ ಪಕ್ಕದ ಮನೆ. ಅಕ್ಷರ ಒಂದೇ ತಾಯಿಯ ಅವಳಿಗಳು, ತಲೆಕಟ್ಟು ಒಂದಿಷ್ಟು ಆಚೀಚೆ. ವಾಕ್ಯದ ಕೊನೆಗೆ ಕ್ರಿಯಾಪದ ಇಡುವ ರೂಢಿ ಅದೇ, ವಿಭಕ್ತಿ ಅಂಟಿಸುವ ಬಗೆ ಅದೇ. ಅಮೆರಿಕದವನಿಗೆ 44 ವಾರ ಬೇಕಾದರೆ ಗುಂಟೂರಿನವನಿಗೆ ನಾಲ್ಕು ಸಂತೆ ಸಾಕು. ಬಂಗಾಲಿಯವನ ಪಾಡು ಹಾಗಲ್ಲ. ಅವನ ಭಾಷೆಯ ಕುಲವೇ ಬೇರೆ, ಲಿಪಿ ಬೇರೆ. ಊಟದಲ್ಲಿ ಮೀನು, ನಮ್ಮ ಊಟದಲ್ಲಿ ರೊಟ್ಟಿ. ಯಾವ ಪಂಡಿತನನ್ನು ಕೇಳಿದರೂ ತೆಲುಗಿನವನು ಮೊದಲು ಕಲಿಯುತ್ತಾನೆ, ಬಂಗಾಲಿ ಆಮೇಲೆ ಅಂತಲೇ ಪಣ ಕಟ್ಟುತ್ತಿದ್ದ.

ಪಣ ಕಟ್ಟಿದವನ ರೊಕ್ಕ ಹೋಯಿತು ಅಂತ ತಿಳಿಯಿರಿ. ಬಂಗಾಲಿ ಕ್ಯಾಂಪಿನ ಮುದುಕ ಸಿಂಧನೂರು ಪೇಟೆಯಲ್ಲಿ ನಿಂತು ನಮ್ಮವರ ಜೊತೆ ಚೌಕಾಶಿ ಮಾಡುವುದನ್ನು ಕೇಳಿದರೆ, ಕಣ್ಣು ಮುಚ್ಚಿಕೊಂಡರೆ, ಇಲ್ಲಿಯವನೇ ಅಂತ ಆಣೆ ಮಾಡಬಹುದು. ತೆಲುಗು ಕ್ಯಾಂಪಿನ ಅದೇ ವಯಸ್ಸಿನ ಯಜಮಾನರೊಬ್ಬರನ್ನು ಕೇಳಿ, "ಕನ್ನಡ ಅರ್ಥ ಔತದೆ, ಮಾತಾಡೋದು ಕೊಂಚೆಂ ಕಷ್ಟಂ" ಅನ್ನುತ್ತಾರೆ. ಅವರ ಮಕ್ಕಳು, ಮೊಮ್ಮಕ್ಕಳು ಕನ್ನಡ ಶಾಲೆಗೆ ಹೋಗಿ ಸರಿಯಾಗಿಯೇ ಮಾತಾಡುತ್ತಾರೆ, ಅವರ ಸುದ್ದಿ ಬೇರೆ. ನಾನು ಹೇಳುತ್ತಿರುವುದು ಮೊದಲು ಬಂದ ಹಿರೀಕರ ಸುದ್ದಿ.

ಹೀಗೇಕಾಯಿತು? ತೆಲುಗಿನವರಿಗೆ ಬುದ್ಧಿ ಕಡಿಮೆ ಅಂತಲೇ? ಅಲ್ಲವೇ ಅಲ್ಲ. ತಪ್ಪು ನಮ್ಮ ಚಾದಂಗಡಿಯದು.

ಕ್ಯಾಂಪಿನ ಸಾಹುಕಾರರು ಬಂದು ಬಾಂಕಿನ ಮೇಲೆ ಕೂತು, ಮನಸ್ಸು ಗಟ್ಟಿ ಮಾಡಿಕೊಂಡು, "ಅಣ್ಣಾ, ಒಂದು ಚಾ ಕೊಡ್ರಿ, ಸಕ್ರಿ ಕಡಿಮಿ ಹಾಕ್ರಿ" ಅನ್ನುತ್ತಾರೆ. ಎಷ್ಟು ಚಂದದ ವಾಕ್ಯ! ಒಂದು ತಪ್ಪಿಲ್ಲ. ನಮ್ಮ ಚಾದಂಗಡಿಯವ ಏನು ಮಾಡುತ್ತಾನೆ? ಮುಖ ಅರಳಿಸಿ, "ರಂಡಿ ರಂಡಿ, ಕೂರ್ಚೋಂಡಿ! ಪಂಚದಾರ ತಕ್ಕುವೇ ಕದಂಡಿ?" ಅನ್ನುತ್ತಾನೆ. ಸಕ್ಕರೆಗೆ ಕರಾವಳಿ ಆಂಧ್ರದವರು ಹೇಳುವ ಮಾತೇ ಅವನ ನಾಲಿಗೆ ಮೇಲಿದೆ. ಬಂದವರ ಕನ್ನಡ ಅಲ್ಲೇ ಬಾಂಕಿನ ಮೇಲೆ ಕುಳಿತು ಪ್ರಾಣ ಬಿಡುತ್ತದೆ. ಇನ್ನು ಅವರೇಕೆ ಕಲಿಯುತ್ತಾರೆ? ಕೂಲಿಗೆ ಬಂದವರು ತೆಲುಗಿನಲ್ಲಿ ಮಾತಾಡುತ್ತಾರೆ, ಗೊಬ್ಬರದಂಗಡಿಯವ ತೆಲುಗಿನಲ್ಲಿ ಮಾತಾಡುತ್ತಾನೆ, ರೈಸ್‌ಮಿಲ್ಲಿನ ಗುಮಾಸ್ತ ತೆಲುಗಿನಲ್ಲಿ ಲೆಕ್ಕ ಹೇಳುತ್ತಾನೆ, ಸಿನಿಮಾ ಟಾಕೀಸಿನಲ್ಲಿ ತೆಲುಗು ಸಿನಿಮಾ, ಎಲೆಕ್ಷನ್ನಿಗೆ ನಿಂತವನು ಕ್ಯಾಂಪಿನ ಒಳಗೆ ಕಾಲಿಡುತ್ತಲೇ ತೆಲುಗು. ಐವತ್ತು ವರ್ಷ ಇದ್ದರೂ ಕನ್ನಡ ಬೇಕಾಗುವ ಸಂದರ್ಭವನ್ನೇ ನಾವು ಅವರಿಗೆ ಒದಗಿಸಿಕೊಡಲಿಲ್ಲ.

ಬಂಗಾಲಿಗೆ ಆ ಸುಖ ಸಿಗಲಿಲ್ಲ. ಗೊರೇಬಾಳದಿಂದ ಲಿಂಗಸುಗೂರಿನವರೆಗೆ ಹುಡುಕಿದರೂ ಆಗ ಬಂಗಾಲಿ ಬಲ್ಲ ಒಬ್ಬ ಚಾದಂಗಡಿಯವ ಇರಲಿಲ್ಲ. ನೀರು ಬೇಕೆಂದರೆ ನೀರು ಅನ್ನಬೇಕು, ಕೂಲಿ ಬೇಕೆಂದರೆ ಕೂಲಿ ಅನ್ನಬೇಕು. ಹಾಗಾಗಿ ಕಲಿತ. ಹೊಟ್ಟೆಯೇ ಅವನ ಭಾಷಾ ಸಂಸ್ಥಾನ. ಮೊದಮೊದಲಿಗೆ ಅವನ ಬಾಯಲ್ಲಿ 'ಬರ್ರಿ' ಎಂಬುದು 'ಬೊರ್ರಿ' ಆಗುತ್ತಿತ್ತು, ಸಿಂಧನೂರಿನ ಸಿ ಶಿ ಆಗುತ್ತಿತ್ತು. ಅವನ ಭಾಷೆಯಲ್ಲಿ ಅವನು, ಅವಳು ಎರಡಕ್ಕೂ ಒಂದೇ ಸರ್ವನಾಮ. ಆದ್ದರಿಂದ ಹೆಂಡತಿಯನ್ನು ತೋರಿಸಿ "ಇವ ನಮ್ಮ ಮನೀಯಾಕಿ" ಅನ್ನುವುದರಲ್ಲಿ ಅವನಿಗೆ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ನಮ್ಮವರು ನಕ್ಕರು. ನಕ್ಕರೂ ಬಂಗಾಲಿಯಲ್ಲಿ ಉತ್ತರ ಕೊಡಲಿಕ್ಕೆ ಅವರಿಗೆ ಬರುತ್ತಿರಲಿಲ್ಲ, ಕನ್ನಡದಲ್ಲೇ ತಿದ್ದಿದರು. ಅದೇ ಅವನ ಅದೃಷ್ಟ.

ತೆಲುಗಿನವರಿಗೂ ಒಂದು ತೊಡಕು ಇದೆ, ಅದನ್ನು ಹೇಳದಿದ್ದರೆ ಬಂಗಾಲಿ ಮುದುಕನಿಗೆ ಅನ್ಯಾಯ. ತೆಲುಗಿನ ಕ್ರಿಯಾಪದದಲ್ಲಿ ಒಬ್ಬ ಹೆಂಗಸಿಗೂ ಒಂದು ಎಮ್ಮೆಗೂ ಒಂದೇ ಪ್ರತ್ಯಯ. ಅತ್ತೆ ವಚ್ಚಿಂದಿ, ಗೇದೆಯೂ ವಚ್ಚಿಂದಿ. ಅದನ್ನೇ ಕನ್ನಡಕ್ಕೆ ತಂದು ಕ್ಯಾಂಪಿನ ಅಳಿಯಂದಿರು "ನಮ್ಮತ್ತಿ ಬಂತ್ರಿ" ಅಂದರೆ, ಇದು ವ್ಯಾಕರಣವೋ ಅಭಿಪ್ರಾಯವೋ ಅಂತ ನಮಗೆ ಅನುಮಾನ. ಹಾಗೆಂದು ನಗುವ ಹಕ್ಕು ನಮಗೆ ಪೂರ್ತಿ ಇಲ್ಲ. ಮನೆಯ ಹುಡುಗಿಯನ್ನು ಮುದ್ದಿಗೆ "ಅದು ಬಂತು ನೋಡು" ಅನ್ನುವವರು ನಾವೇ.

ತಾಂಡಾಗಳ ಕಡೆ ಒಮ್ಮೆ ಹೊರಳಿ ನೋಡಿದರೆ, ಭಾಷೆ ಕಲಿಸುವುದು ಹೊಟ್ಟೆ ಎಂಬ ಮಾತು ಇನ್ನೂ ಗಟ್ಟಿಯಾಗುತ್ತದೆ. ಲಂಬಾಣಿ ಹುಡುಗ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಗದ್ದೆಗೆ ಹೋದರೆ ತೆಲುಗು, ದುಡಿಯಲು ಪುಣೆಗೋ ಮುಂಬಯಿಗೋ ಹೋದರೆ ಹಿಂದಿ, ಮರಾಠಿ ಮಾತಾಡಿ ಬರುತ್ತಾನೆ. ಅವನ ಭಾಷೆಯನ್ನು ಕಲಿತ ಹೊರಗಿನವನನ್ನು ನಮ್ಮ ಸೀಮೆಯಲ್ಲಿ ದೀಪ ಹಚ್ಚಿ ಹುಡುಕಬೇಕು. ಲಂಬಾಣಿ ಬಲು ಕಠಿಣ ಭಾಷೆ ಅಂತಲ್ಲ. ಹಿಂದಿ, ರಾಜಸ್ಥಾನಿಯ ಬಳಗದ್ದು, ಟಿವಿ ನೋಡುವ ಯಾರಿಗಾದರೂ ಅರ್ಧ ಕಿವಿಗೆ ಬಿದ್ದಿರುತ್ತದೆ. ಅದು ಯಾರಿಗೂ ಬೇಕಾಗಿಲ್ಲ, ಅಷ್ಟೇ. ದೊಡ್ಡ ಹೊಲ ಇದ್ದವರ ಭಾಷೆಯನ್ನು ಮಂದಿ ಬೇಗ ಕಲಿಯುತ್ತಾರೆ, ಆ ಹೊಲದಲ್ಲಿ ಕಳೆ ಕೀಳುವವರ ಭಾಷೆಯನ್ನು ಕಲಿಯುವುದಿಲ್ಲ.

ಬಂದವರ ಭಾಷೆಗೆ ನಾಲಿಗೆ ಬಾಗಿಸುವ ಈ ಗುಣ ನಮಗೆ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಮಸ್ಕಿಗೆ ಹೋಗಿ ನೋಡಿ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಬಂಗಾರ ಹುಡುಕುತ್ತ ಅಲೆಯುತ್ತಿದ್ದಾಗ ಅವನ ಕಣ್ಣಿಗೆ ಒಂದು ಬಂಡೆಗಲ್ಲು ಬಿತ್ತು. ಅದರ ಮೇಲೆ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಎಚ್. ಕೃಷ್ಣಶಾಸ್ತ್ರಿಗಳು ಓದಿದರು. ಅದುವರೆಗೆ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಮಾತ್ರ ಶಾಸನಗಳಲ್ಲಿ ಕರೆಸಿಕೊಳ್ಳುತ್ತಿದ್ದ ದೊರೆಯ ಹೆಸರು ಅಶೋಕ ಅಂತ ಈ ಕಲ್ಲು ಹೇಳಿತು. ಇತಿಹಾಸದವರಿಗೆ ಹಬ್ಬ. ನನ್ನ ತಲೆಯಲ್ಲಿ ಓಡುವ ಪ್ರಶ್ನೆ ಬೇರೆ. ಕ್ರಿ.ಪೂ. ಮೂರನೇ ಶತಮಾನದಲ್ಲಿ ಮಸ್ಕಿಯ ದನಗಾಹಿ ಒಬ್ಬ ಆ ಗುಡ್ಡ ಹತ್ತಿ ಅದನ್ನು ನೋಡಿ ಏನು ತಿಳಿದುಕೊಂಡಿರಬೇಕು? ಅವನು ಕನ್ನಡವನ್ನೋ ಕನ್ನಡದ ಅಜ್ಜಿಯನ್ನೋ ಮಾತಾಡುತ್ತಿದ್ದಿರಬೇಕು. ಆದೇಶ ಪಾಟಲಿಪುತ್ರದ ಕಡೆಯ ಭಾಷೆಯಲ್ಲಿದೆ. ಸರ್ಕಾರದ ಸುತ್ತೋಲೆ ಊರಿನವರಿಗೆ ತಿಳಿಯದ ಭಾಷೆಯಲ್ಲಿ ಬರುವ ಪದ್ಧತಿ ನಮ್ಮ ಸೀಮೆಯಲ್ಲಿ ಎರಡು ಸಾವಿರದ ಇನ್ನೂರು ವರ್ಷ ಹಳೆಯದು. ಬ್ಯಾಂಕಿನ ಚಲನ್ ಹಿಡಿದು ಪಕ್ಕದವರ ಮುಖ ನೋಡುವ ಇಂದಿನ ನಮ್ಮ ಮುದುಕರು ಒಂದು ಪುರಾತನ ಪರಂಪರೆಯನ್ನು ನಡೆಸಿಕೊಂಡು ಬಂದಿದ್ದಾರೆ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಬರೆದ ಲಿಪಿಕಾರನ ಹೆಸರೂ ಸಿಕ್ಕಿದೆ: ಚಪಡ. ಎಲ್ಲ ಬ್ರಾಹ್ಮಿಯಲ್ಲಿ ಬರೆದು ಕೊನೆಗೆ ತಾನು ಲಿಪಿಕಾರ ಎಂಬ ಒಂದು ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೆತ್ತಿಬಿಟ್ಟಿದ್ದಾನೆ. ಖರೋಷ್ಠಿ ಎಂದರೆ ವಾಯವ್ಯದ ಗಾಂಧಾರದ ಕಡೆಯ ಲಿಪಿ. ಅಷ್ಟು ದೂರದ ಅಕ್ಷರ ಬಲ್ಲವನು ಮೊಳಕಾಲ್ಮೂರಿನ ಬಿಸಿಲಿಗೆ ಬಂದು ಕೂತು, ತನ್ನೂರಿನ ಅಕ್ಷರದಲ್ಲಿ ಒಂದು ಸಹಿ ಹಾಕಿ ಸಮಾಧಾನ ಮಾಡಿಕೊಂಡಿದ್ದಾನೆ. ಅವನು ಇಲ್ಲಿಯ ಮಾತು ಕಲಿತನೋ ಇಲ್ಲವೋ ಕಲ್ಲಿನ ಮೇಲಿಲ್ಲ. ಆ ಕಾಲದ ಗುಮಾಸ್ತನೇ ಆದರೂ 'ಸ್ವಲ್ಪ ಸ್ವಲ್ಪ' ಕಲಿತಿರಬೇಕು ಅಂತ ನನ್ನ ನಂಬಿಕೆ.

ಆಮೇಲೆ ನಿಜಾಮರ ಕಾಲ. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ಅವರ ಆಳ್ವಿಕೆಯಲ್ಲಿತ್ತು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಕಚೇರಿ, ಕೋರ್ಟು, ಶಾಲೆ ಎಲ್ಲ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ನಮ್ಮ ಅಜ್ಜಂದಿರಲ್ಲಿ ಓದಿದವರು ಉರ್ದುವಿನಲ್ಲಿ ಅರ್ಜಿ ಬರೆದು, ಮನೆಗೆ ಬಂದು ಕನ್ನಡದಲ್ಲಿ ಬೈದವರು. ಇಂಥ ಸೀಮೆಯ ಮನುಷ್ಯನಿಗೆ ಯಾರಾದರೂ ಎದುರಿಗೆ ಬಂದು ನಿಂತರೆ ಮೊದಲು ಮೂಡುವ ವಿಚಾರ 'ಇವರ ಭಾಷಿ ಯಾವುದು' ಎಂಬುದೇ. ತನ್ನ ಭಾಷೆಯನ್ನು ಅವರು ಆಡಬಹುದು ಎಂಬುದು ಅವನ ತಲೆಗೆ ಹೊಳೆಯುವುದೇ ಇಲ್ಲ. ಉರ್ದು ಬಂದರೆ ಉರ್ದು, ತೆಲುಗು ಬಂದರೆ ತೆಲುಗು, ಬೆಂಗಳೂರಿನವರು ಬಂದರೆ 'ಏನ್ ಸಾರ್' ಅನ್ನುವ ಸಿನಿಮಾ ಕನ್ನಡ.

ಇನ್ನೊಂದು ತಮಾಷೆ ಹೇಳಲೇಬೇಕು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಹಳೆಯ ಪಪೈರಸ್ ಚೂರೊಂದರಲ್ಲಿ ಗ್ರೀಕ್ ಪ್ರಹಸನವಿದೆ, ಅದರಲ್ಲಿ ಭಾರತದ ಕರಾವಳಿಯ ರಾಜನೊಬ್ಬ ತನ್ನ ಭಾಷೆಯಲ್ಲಿ ಬಡಬಡಿಸುತ್ತಾನೆ. ಆ ಬಡಬಡಿಕೆ ಕನ್ನಡ ಅಂತ 1904ರಲ್ಲಿ ಹುಲ್ಟ್ಷ್ ಎಂಬ ಜರ್ಮನ್ ವಿದ್ವಾಂಸರು ಹೇಳಿದರು. ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ಅದು ಕನ್ನಡವೋ, ತುಳುವೋ, ಬರೀ ಗದ್ದಲವೋ ಅಂತ ಜಗಳ ಇನ್ನೂ ಮುಗಿದಿಲ್ಲ. ಕನ್ನಡವೇ ಆಗಿದ್ದರೆ, ನಮ್ಮ ಭಾಷೆಯನ್ನು ಕಲಿಯಲಾಗದೆ ನಕ್ಕ ವಿದೇಶಿಗರ ಮೊದಲ ದಾಖಲೆ ಅದು. ಅದೇ ಹುಲ್ಟ್ಷ್ ಮುಂದೆ ಅಶೋಕನ ಶಾಸನಗಳನ್ನೆಲ್ಲ ಸೇರಿಸಿ 1925ರ ದೊಡ್ಡ ಸಂಪುಟ ಮಾಡಿದರು, ಮಸ್ಕಿಯ ಕಲ್ಲೂ ಅದರಲ್ಲಿದೆ. ಒಬ್ಬ ಜರ್ಮನ್ ಮನುಷ್ಯ ಈಜಿಪ್ಟಿನ ಕನ್ನಡಕ್ಕೂ ಮಸ್ಕಿಯ ಪ್ರಾಕೃತಕ್ಕೂ ಗಂಟು ಹಾಕಿದ.

ಜರ್ಮನರ ಮಾತು ಬಂದ ಮೇಲೆ ಕಿಟೆಲ್ ಅವರನ್ನು ಬಿಡಲಿಕ್ಕಾಗುತ್ತದೆಯೇ? 1832ರಲ್ಲಿ ಹುಟ್ಟಿದವರು, 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದವರು. ಕೇಶಿರಾಜನ ಶಬ್ದಮಣಿದರ್ಪಣ ಸಂಪಾದಿಸಿದರು, ನಾಗವರ್ಮನ ಛಂದೋಂಬುಧಿ ಸಂಪಾದಿಸಿದರು, 1894ರಲ್ಲಿ ಸುಮಾರು 70 ಸಾವಿರ ಶಬ್ದಗಳ ನಿಘಂಟು ಕೊಟ್ಟರು, 1903ರಲ್ಲಿ ವ್ಯಾಕರಣ ಪ್ರಕಟಿಸಿ ಅದೇ ವರ್ಷ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಅವರಿಗಿಂತ ಮುಂಚೆ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ವಿಲಿಯಂ ರೀವ್ ಕನ್ನಡ ನಿಘಂಟು ಕಟ್ಟಿದರು, ಅದು 1832ರಲ್ಲಿ, ಕಿಟೆಲ್ ಹುಟ್ಟಿದ ವರ್ಷವೇ, ಅಚ್ಚಾಯಿತು. ಇವರ ಶ್ರಮ, ಬುದ್ಧಿ, ತಾಳ್ಮೆ ಎಲ್ಲವನ್ನೂ ಹೊಗಳೋಣ. ಆದರೆ ಒಂದು ಮಾತು ಯಾರೂ ಹೇಳುವುದಿಲ್ಲ: ಕಿಟೆಲ್ ಬಂದಾಗ ಧಾರವಾಡದ ಓಣಿಯಲ್ಲಿ ಯಾರಿಗೂ ಜರ್ಮನ್ ಬರುತ್ತಿರಲಿಲ್ಲ. ಬರುತ್ತಿದ್ದರೆ ನಮ್ಮವರು ಅವರನ್ನು ಕಂಡೊಡನೆ ಜರ್ಮನ್ನಿನಲ್ಲೇ ಶುರು ಹಚ್ಚಿಕೊಂಡು, ಆ ಮಹಾನುಭಾವರ ನಿಘಂಟು 'ಅ' ಅಕ್ಷರ ದಾಟುತ್ತಿರಲಿಲ್ಲ. ನಮ್ಮ ಕಾಲದಲ್ಲಿ ಮ್ಯೂನಿಕ್ಕಿನಲ್ಲಿ ಕನ್ನಡ ಕಲಿಸಿದ ರಾಬರ್ಟ್ ಝೈಡೆನ್‌ಬಾಸ್ 2020ರಲ್ಲಿ ಆಧುನಿಕ ಕನ್ನಡದ ಕೈಪಿಡಿ ಹೊರತಂದಿದ್ದಾರೆ. ಅದನ್ನು ಓದಿ ಹುರುಪಿನಿಂದ ಬೆಂಗಳೂರಿಗೆ ಇಳಿದ ಜರ್ಮನ್ ಹುಡುಗಿ "ನಮಸ್ಕಾರ, ಮಲ್ಲೇಶ್ವರಕ್ಕೆ ಬರುತ್ತೀರಾ?" ಅಂತ ಆಟೋದವನನ್ನು ಕೇಳಿದರೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, ಮೀಟರಿನ ಮೇಲೆ ಐವತ್ತು ರೂಪಾಯಿಯೂ ಬರುತ್ತದೆ.

ಭಾಷೆಯ ಸ್ವಂತ ತೊಡಕು ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೆಲೆ, ಬೆಳೆ, ಬೇಳೆ ಮೂರನ್ನೂ ಒಂದೇ ಉಸಿರಿನಲ್ಲಿ ಬೇರೆ ಬೇರೆಯಾಗಿ ಹೇಳು ಅಂದರೆ ಅಮೆರಿಕದವನ ನಾಲಿಗೆ ಹಲ್ಲಿಗೆ ತಗಲುತ್ತದೋ ಅಂಗುಳಿಗೆ ತಗಲುತ್ತದೋ ಅವನಿಗೇ ತಿಳಿಯುವುದಿಲ್ಲ. ಅದಕ್ಕಿಂತ ದೊಡ್ಡ ಕಾಟ ಎಂದರೆ ಪುಸ್ತಕದ ಕನ್ನಡವೇ ಬೇರೆ, ಬಾಯಿಯ ಕನ್ನಡವೇ ಬೇರೆ. ಅಮೆರಿಕದ ಭಾಷಾವಿಜ್ಞಾನಿಗಳಾದ ವಿಲಿಯಂ ಬ್ರೈಟ್ 1958ರಲ್ಲಿ, ಹೆರಾಲ್ಡ್ ಶಿಫ್‌ಮನ್ ಆಮೇಲೆ ಆಡುಗನ್ನಡಕ್ಕೇ ಪ್ರತ್ಯೇಕ ವ್ಯಾಕರಣ ಬರೆದದ್ದು ಸುಮ್ಮನೆ ಅಲ್ಲ. 'ನಾನು ಹೋಗುತ್ತಿದ್ದೇನೆ' ಅಂತ ಉರುಹೊಡೆದು ಬಂದವನ ಮುಂದೆ ನಾವು "ಹೊಂಟೀನ್ರಿ" ಅಂದು ಎದ್ದು ಹೋದರೆ ಅವನು ಆ ಮಾತನ್ನು ಯಾವ ಪಾಠದಲ್ಲಿ ಹುಡುಕಬೇಕು? "ಏನ್ ಮಾಡಾಕತ್ತೀರಿ", "ಬರಾಕತ್ಯಾನ", "ಹಿಂಗ್ಯಾಕ ಕುಂತೀದಿ" ಇವೆಲ್ಲ ಮೂವತ್ತು ದಿನಗಳಲ್ಲಿ ಕನ್ನಡ ಕಲಿಸುವ ಪುಸ್ತಕದಲ್ಲಿ ಮೂವತ್ತೊಂದನೇ ದಿನದ ಪಾಠ. ಮೈಸೂರಿನಲ್ಲಿ ಹತ್ತು ತಿಂಗಳು ಕಲಿತ ಮೇಷ್ಟ್ರನ್ನು ತಂದು ಗೊರೇಬಾಳದ ಕಟ್ಟೆ ಮೇಲೆ ಕೂಡ್ರಿಸಿದರೆ ಮೊದಲ ವಾರ ಅವರು ಫ್ರೆಂಚ್ ಕೇಳಿಸಿಕೊಂಡ ಹಾಗೆ ಕೂತಿರುತ್ತಾರೆ. ಮೈಸೂರಿನವರೇ ಬಂದರೂ ಹಾಗೇ ಕೂಡುತ್ತಾರೆ, ಅದು ಬೇರೆ ಮಾತು.

ಇಷ್ಟಾಗಿಯೂ ಅಂಗುಳಿನ ತೊಡಕು ಆರು ತಿಂಗಳಿಗೆ ಹೋಗುತ್ತದೆ, ಪ್ರತ್ಯಯದ ತೊಡಕು ವರ್ಷಕ್ಕೆ ಹೋಗುತ್ತದೆ. ಬಂಗಾಲಿ ಕ್ಯಾಂಪಿನಲ್ಲಿ ಹೋಗಿದೆ, ಕಣ್ಣಾರೆ ಕಂಡದ್ದು. ನಾವು ಒಡ್ಡುವ ತೊಡಕಿಗೆ ಮಾತ್ರ ವಾರದ ಲೆಕ್ಕ ಸಿಗುವುದಿಲ್ಲ. ಅಮೆರಿಕದವರ ಪಟ್ಟಿಯಲ್ಲಿ ಒಂದು ಕಾಲಂ ಕಡಿಮೆ ಇದೆ: ಎದುರಿಗಿದ್ದವನು ನಿಮ್ಮ ಭಾಷೆಯನ್ನು ಎಷ್ಟು ಚೆನ್ನಾಗಿ ಬಲ್ಲ? ಆ ಕಾಲಂ ಸೇರಿಸಿದರೆ ಪ್ರಪಂಚದಲ್ಲಿ ಕಲಿಯಲು ಅತಿ ಕಠಿಣವಾದ ಭಾಷೆ ಚೀನಿಯಲ್ಲ, ಅರಬ್ಬಿಯಲ್ಲ, ಸಿಂಧನೂರು ತಾಲ್ಲೂಕಿನ ಕನ್ನಡ. 88 ವಾರವೂ ಸಾಲದು. ತೆಲುಗಿನ ಯಜಮಾನರಿಗೆ ಒಂದು ಆಯುಷ್ಯ ಸಾಲಲಿಲ್ಲ.

ನಾಲ್ಕು ಭಾಷೆ ಬಲ್ಲೆವು ಎಂದು ನಮ್ಮವರು ಎದೆ ಉಬ್ಬಿಸುವುದನ್ನು ನಾನು ಕೇಳಿದ್ದೇನೆ. ಬಲ್ಲೆವು, ಸುಳ್ಳಲ್ಲ. ಹೊಟ್ಟೆಪಾಡಿಗೆ ಕಲಿತದ್ದನ್ನು ಔದಾರ್ಯ ಅಂತ ಕರೆದುಕೊಳ್ಳುವುದು ಮಾತ್ರ ಸ್ವಲ್ಪ ಹೆಚ್ಚಾಯಿತು. ಅಷ್ಟೇ ಔದಾರ್ಯವಿದ್ದರೆ ತಾಂಡಾದ ಹುಡುಗನಿಗೆ ಲಂಬಾಣಿಯಲ್ಲಿ ನಾಲ್ಕು ಮಾತಾಡಲಿ ನೋಡೋಣ.

ಆದ್ದರಿಂದ ಚಾದಂಗಡಿಯ ಅಣ್ಣನಿಗೆ, ಗೊಬ್ಬರದಂಗಡಿಯ ಸಾಹುಕಾರರಿಗೆ, ಬೆಂಗಳೂರಿನ ಆಟೋದವರಿಗೆ, ಈ ಹರಟೆ ಓದುತ್ತಿರುವ ನಿಮಗೂ ಒಂದು ವಿನಂತಿ. ಇನ್ನು ಮುಂದೆ ಯಾರಾದರೂ ತಡವರಿಸುತ್ತ "ನಂಗೆ ಒಂದು ಚಾ ಕೊಡ್ರಿ" ಅಂದರೆ, ದಯವಿಟ್ಟು ನಿಮ್ಮ ತೆಲುಗು, ಉರ್ದು, ಇಂಗ್ಲಿಷು ಎಲ್ಲವನ್ನೂ ಜೇಬಿನಲ್ಲಿ ಇಟ್ಟುಕೊಳ್ಳಿ. ಅತ್ತೆ ಬಂತು ಅಂದರೂ ನಗಬೇಡಿ, ನಕ್ಕರೂ ಕನ್ನಡದಲ್ಲೇ ನಗಿ. ಸಕ್ಕರೆ ಎಷ್ಟು ಹಾಕಬೇಕೆಂದು ಕನ್ನಡದಲ್ಲೇ ಕೇಳಿ, ಉತ್ತರ ಬರುವತನಕ ಸ್ವಲ್ಪ ತಡೆಯಿರಿ. ಚಾದ ರೊಕ್ಕ ಬೇಕಾದರೆ ಅವರ ಕಡೆಯಿಂದಲೇ ಇಸಗೊಳ್ಳಿ.